ಒಂದು ಕಾಗದ ಕಡಿಮೆ ಇದೆ

ಗುಮಾಸ್ತರು ಇಪ್ಪತ್ತೆರಡು ವರ್ಷ ಸರಕಾರಿ ಕಚೇರಿಯ ಮೂರನೇ ಕಿಟಕಿಯ ಹಿಂದೆ ಕೂತು, ಒಂದೇ ಒಂದು ವಾಕ್ಯದ ಬಲದ ಮೇಲೆ ಇಡೀ ನೌಕರಿ ಮಾಡಿ ಮುಗಿಸಿದವರು. ‘ಒಂದು ಕಾಗದ ಕಡಿಮೆ ಇದೆ, ನಾಳೆ ಬನ್ನಿ.’ ಮದುವೆ ನೋಂದಣಿಗೆ ನಗುತ್ತ ಬಂದವರು, ಮರಣದ ಪ್ರಮಾಣಪತ್ರಕ್ಕೆ ಅಳುತ್ತ ಬಂದವರು, ಎಲ್ಲರಿಗೂ ಅದೇ ವಾಕ್ಯ, ಅದೇ ಧ್ವನಿ. ಭೇದಭಾವ ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ಪುಣ್ಯಾತ್ಮರು ಲಂಚ ಮುಟ್ಟಿದವರೂ ಅಲ್ಲ; ಮುಟ್ಟಿದ್ದರೆ ಜನಕ್ಕೆ ಎಷ್ಟೋ ಅನುಕೂಲವಾಗುತ್ತಿತ್ತು. ಬೆನ್ನ ಹಿಂದೆ ಜನ ಅವರಿಗೆ ‘ನಾಳೆ ಬನ್ನಿ’ ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಅವರು ಅದನ್ನು ಬಿರುದೆಂದು ತಿಳಿದು ಸುಮ್ಮನಿದ್ದರು.

ಇಂಥ ಗುಮಾಸ್ತರು ಈಗ ಪರದೇಶದ ಒಂದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯ ಆಧಾರದ ಮೇಲೆ ಬದುಕುತ್ತಿದ್ದರು. ಇದು ಯಾರೋ ಆಡಿಕೊಂಡ ಮಾತಲ್ಲ. ಅವರ ಪಾಸ್‌ಪೋರ್ಟಿನಲ್ಲೇ ‘ಅವಲಂಬಿತ’ ಎಂದು ಸರಕಾರದವರು ಮುದ್ರೆ ಒತ್ತಿ ಕೊಟ್ಟಿದ್ದರು. ಮುದ್ರೆ ಸ್ವಲ್ಪ ವಾರೆಯಾಗಿ ಬಿದ್ದಿತ್ತು. ಅವರಿಗೆ ಬೇಸರವಾದದ್ದು ಪದಕ್ಕಲ್ಲ, ಮುದ್ರೆಯ ವಾರೆಗೆ.

ಹೆಂಡತಿ ಆರು ವರ್ಷದ ಹಿಂದೆ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಕೆಲಸ ಸಿಕ್ಕಿ ಒಬ್ಬಳೇ ಬಂದವಳು. ಮುದುಕರನ್ನು ಎತ್ತಿ ಕೂರಿಸಿ, ಮೈ ತೊಳೆಸಿ, ಹಾಸಿಗೆ ಬದಲಿಸಿ, ನಾಲ್ಕು ವರ್ಷದಲ್ಲಿ ಕಾಯಂ ವಾಸದ ಪರವಾನಗಿ ಗಿಟ್ಟಿಸಿಕೊಂಡಳು. ಆ ನಾಲ್ಕು ವರ್ಷವೂ ಗಂಡನನ್ನು ಕರೆದಳು. ಗುಮಾಸ್ತರು ‘ಬಾಕಿ ಫೈಲು ಮುಗಿಸಿ ಬರ್ತೀನಿ’ ಎಂದರು. ಸರಕಾರಿ ಕಚೇರಿಯಲ್ಲಿ ಬಾಕಿ ಫೈಲು ಮುಗಿಯುವುದೆಂದರೇನು! ಕೊನೆಗೆ ಫೈಲು ಮುಗಿಯಲಿಲ್ಲ, ಕಚೇರಿಗೇ ಕಂಪ್ಯೂಟರ್ ಬಂತು, ಮೂರನೇ ಕಿಟಕಿ ಮುಚ್ಚಿತು, ಗುಮಾಸ್ತರು ಸ್ವಯಂ ನಿವೃತ್ತಿ ತೆಗೆದುಕೊಂಡು ಎರಡು ವರ್ಷದ ತಾತ್ಕಾಲಿಕ ವೀಸಾ ಹಿಡಿದು ವಿಮಾನ ಹತ್ತಿದರು.

ಇಲ್ಲಿ ಅವರಿಗೆ ಬೆಳಗ್ಗೆ ಒಂದು ಪಾರ್ಸೆಲ್ ಗೋದಾಮಿನಲ್ಲಿ ವಿಳಾಸದ ಚೀಟಿ ಅಂಟಿಸುವ ಕೆಲಸ. ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಸಂಜೆಯದು ಯಾರೂ ವಹಿಸದೇ ಅವರೇ ಮೈಮೇಲೆ ಎಳೆದುಕೊಂಡ ಕೆಲಸ. ಹೆಂಡತಿ ಬರುವ ಬಸ್ಸು ಐದು ಮೂವತ್ತೆಂಟಕ್ಕೆ ಸ್ಟಾಪಿಗೆ ಬರಬೇಕೆಂದು ಫಲಕದಲ್ಲಿ ಬರೆದಿತ್ತು. ಬರುತ್ತಿರಲಿಲ್ಲ. ಗುಮಾಸ್ತರ ಮೈ ಉರಿಯಿತು. ಗೆರೆ ಹಾಕಿದ ಒಂದು ನೋಟ್‌ಬುಕ್ ತಂದು, ತಿಂಗಳ ಮೊದಲ ದಿನವೇ ಇಡೀ ತಿಂಗಳ ತಾರೀಕುಗಳನ್ನು ಸಾಲಾಗಿ ಬರೆದಿಟ್ಟು, ದಿನಾ ಸ್ಟಾಪಿನಲ್ಲಿ ನಿಂತು ಬಸ್ಸು ಬಂದ ಹೊತ್ತನ್ನು ತಾರೀಕಿನ ಮುಂದೆ ದಾಖಲಿಸತೊಡಗಿದರು. ಒಂದು ದಿನ ಬಸ್ ಕಂಪನಿಯ ಮೇಲೆ ದೂರು ಕೊಟ್ಟು ಅವರ ಬೆವರಿಳಿಸಬೇಕೆಂಬುದು ಉದ್ದೇಶ. ಆ ಒಂದು ದಿನ ಎರಡು ವರ್ಷವಾದರೂ ಬಂದಿರಲಿಲ್ಲ. ಅವರ ಪ್ರಕಾರ ಸಾಕ್ಷ್ಯ ಇನ್ನೂ ಸಾಲದು.

ಹೇಗೂ ಹೋಗುತ್ತೇನಲ್ಲ ಎಂದು ಒಂದು ಬಟ್ಟೆಯ ಚೀಲದಲ್ಲಿ ಹೆಂಡತಿಯ ಚಪ್ಪಲಿಯನ್ನೂ ಒಯ್ಯುತ್ತಿದ್ದರು. ದಿನವಿಡೀ ನಿಂತು ಅವಳ ಕಾಲು ಊದಿಕೊಂಡಿರುತ್ತಿತ್ತು, ಕೆಲಸದ ಬೂಟು ಕಚ್ಚುತ್ತಿತ್ತು. ಸ್ಟಾಪಿನ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿ ಚಪ್ಪಲಿ ಮೆಟ್ಟಿದರೆ ಅವಳ ಮುಖಕ್ಕೆ ಕಳೆ ಬರುತ್ತಿತ್ತು. ಗುಮಾಸ್ತರು ಅದನ್ನೆಲ್ಲ ಗಮನಿಸುತ್ತಿರಲಿಲ್ಲ. ಅವರು ಗಡಿಯಾರ ನೋಡುತ್ತಿದ್ದರು.

“ಆರು ನಿಮಿಷ ಲೇಟು” ಎನ್ನುತ್ತಿದ್ದರು.

“ಹೂಂ” ಎನ್ನುತ್ತಿದ್ದಳು ಹೆಂಡತಿ.

ಆ ದಿನದ ದಾಂಪತ್ಯದ ಮಾತುಕತೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತಿತ್ತು.

ಎರಡು ವರ್ಷದ ಗಡುವು ಮುಗಿಯುತ್ತ ಬಂದಾಗ ಕಾಯಂ ವಾಸಕ್ಕೆ ಅರ್ಜಿ ಹಾಕಬೇಕಾಯಿತು. ಮಂಜೂರಾದರೆ ಇರಬಹುದು. ತಿರಸ್ಕಾರವಾದರೆ ಮೂವತ್ತೈದು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಹೆಂಡತಿ ಇಲ್ಲಿ, ಗಂಡ ಅಲ್ಲಿ. ಬೇರೆಯವರಾಗಿದ್ದರೆ ನಿದ್ದೆಗೆಡುತ್ತಿದ್ದರು. ಗುಮಾಸ್ತರಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಲಗತ್ತಿಸಬೇಕಾದ ದಾಖಲೆಗಳ ಪಟ್ಟಿಯೇ ನಾಲ್ಕು ಪುಟ! ಚೀಟಿ ಅಂಟಿಸಿ ಅಂಟಿಸಿ ಬತ್ತಿಹೋಗಿದ್ದ ಮನುಷ್ಯ ಆ ಪಟ್ಟಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿದರು.

“ಇರೋದನ್ನ ಇದ್ದ ಹಾಗೆ ಕೊಟ್ಟುಬಿಡಿ, ಮುಗೀತು” ಎಂದಳು ಹೆಂಡತಿ.

“ಇದ್ದ ಹಾಗೆ ಕೊಟ್ರೆ ಅದನ್ನ ಫೈಲು ಅನ್ನಲ್ಲ ಕಣೇ, ಕಸ ಅಂತಾರೆ. ಇಪ್ಪತ್ತೆರಡು ವರ್ಷ ನೋಡಿದೀನಿ. ಇದ್ದದ್ದನ್ನ ಇದ್ದ ಹಾಗೆ ತಂದೋರು ಒಬ್ಬರೂ ಗೆದ್ದಿಲ್ಲ.”

“ಗೆಲ್ಲೋಕೆ ನೀವು ಬಿಟ್ಟಿದ್ರೆ ತಾನೆ.”

ಗುಮಾಸ್ತರು ಕೇಳಿಸದವರಂತೆ ಸ್ಕೇಲು ಹುಡುಕಲು ಹೋದರು.

ಸರಕಾರಕ್ಕೆ ಬೇಕಾಗಿದ್ದದ್ದು ಇಷ್ಟೇ: ಮದುವೆ ನಿಜವಾದದ್ದು, ಈಗಲೂ ನಡೆಯುತ್ತಿರುವುದು ಎಂಬುದಕ್ಕೆ ಪುರಾವೆ. ಅರ್ಜಿಯ ಮೊದಲ ಪುಟದಲ್ಲೇ ‘ಮಕ್ಕಳು’ ಎಂಬ ಕಲಮು ಇತ್ತು. ಗುಮಾಸ್ತರು ಅದರ ಮುಂದೆ ಸ್ಕೇಲಿಟ್ಟು ಒಂದು ಗೆರೆ ಎಳೆದರು. ಹೆಂಡತಿ ಆ ಗೆರೆಯನ್ನು ಒಂದು ಗಳಿಗೆ ನೋಡಿ ಒಲೆ ಹತ್ತಿರ ಹೋದಳು. ಆ ವಿಷಯ ಅವರಿಬ್ಬರೂ ಮಾತಾಡದೆ ಬಹಳ ವರ್ಷವಾಗಿತ್ತು.

ಮುಂದಿನದು ಫೋಟೋ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಟ್ಟಿಗಿರುವ ಫೋಟೋ ಒಂದೇ ಇತ್ತು, ಮದುವೆಯ ದಿನದ್ದು. ಅದರಲ್ಲಿ ಹೆಂಡತಿ ಕ್ಯಾಮೆರಾ ನೋಡುತ್ತಿದ್ದಳು, ಗುಮಾಸ್ತರು ಗಡಿಯಾರ ನೋಡುತ್ತಿದ್ದರು. ‘ಬೇರೆ ಬೇರೆ ಕಾಲದ, ಬೇರೆ ಬೇರೆ ಸಂದರ್ಭದ’ ಫೋಟೋ ಬೇಕೆಂದು ಪಟ್ಟಿಯಲ್ಲಿತ್ತು. ಅದಕ್ಕೇನಂತೆ! ಒಂದು ಭಾನುವಾರ ಕೆಳಗಿನ ಮಹಡಿಯ ದರ್ಜಿಯ ಕೈಗೆ ಕ್ಯಾಮೆರಾ ಕೊಟ್ಟರು. ಹೆಂಡತಿ ಐದು ಸಲ ಬಟ್ಟೆ ಬದಲಿಸಿದಳು. ಅಡುಗೆಮನೆಯಲ್ಲಿ ಒಂದು, ಪಾರ್ಕಿನಲ್ಲಿ ಉಣ್ಣೆ ಕೋಟು ಹಾಕಿಕೊಂಡು ಒಂದು, ಅದೇ ಪಾರ್ಕಿನಲ್ಲಿ ಕೋಟು ಬಿಚ್ಚಿ ಛತ್ರಿ ಹಿಡಿದು ಇನ್ನೊಂದು, ಹೀಗೆ ಐದು. ಚಳಿಗಾಲ, ಬೇಸಿಗೆ, ಮಳೆಗಾಲ ಎಲ್ಲವೂ ಊಟದ ಹೊತ್ತಿಗೆ ಮುಗಿದವು.

“ಸ್ವಲ್ಪ ನಗಿ ಸಾರ್” ಎಂದ ದರ್ಜಿ.

“ಸಾಕ್ಷಿಗೆ ನಗು ಬೇಕಿಲ್ಲ, ಮುಖ ಕಂಡರೆ ಸಾಕು.”

“ಗುಂಡಿ ಹಾಕೋಕೆ ಆಗ್ತಿಲ್ಲ ರೀ, ಹೆಬ್ಬೆರಳು ನೋಯ್ತಿದೆ” ಎಂದಳು ಹೆಂಡತಿ. ಹಿಂದಿನ ದಿನ ತರಕಾರಿ ಹೆಚ್ಚುವಾಗ ಕೊಯ್ದುಕೊಂಡು ಪಟ್ಟಿ ಕಟ್ಟಿಕೊಂಡಿದ್ದಳು. ಗುಮಾಸ್ತರು ಗುಂಡಿ ಹಾಕಿಕೊಟ್ಟು ಮುಂದಿನ ಋತುವಿಗೆ ನಿಲ್ಲಿಸಿದರು.

ಕೊನೆಯದು, ದಂಪತಿಗಳನ್ನು ಬಲ್ಲ ಮೂವರ ಪತ್ರ. ಸಾಕ್ಷಿಗಳಿಗೆ ತೊಂದರೆ ಕೊಡಬಾರದು, ನಾವೇ ಬರೆದು ಸಹಿ ಹಾಕಿಸಿಕೊಳ್ಳಬೇಕು ಎಂಬುದು ಅವರ ಕಚೇರಿಯಲ್ಲಿ ತಲೆತಲಾಂತರದ ಪದ್ಧತಿ. ಗುಮಾಸ್ತರು ದರ್ಜಿಗೆ ಒಂದು, ಮನೆ ಮಾಲೀಕನಿಗೆ ಒಂದು, ಆರೈಕೆ ಮನೆಯ ಅಡುಗೆಯಾಕೆಗೆ ಒಂದು ಪತ್ರ ತಾವೇ ತಯಾರಿಸಿದರು. ಮೂರರಲ್ಲೂ ಜೀವಾಳವೆಂದರೆ ಈ ವಾಕ್ಯ: ‘ಸದರಿ ದಂಪತಿಗಳು ನಾನು ಬಲ್ಲಂತೆ ಪರಸ್ಪರ ಸಾಮರಸ್ಯದಿಂದ ಜೀವಿಸುತ್ತಿದ್ದು, ಈ ಬಗ್ಗೆ ನನ್ನದು ಯಾವುದೇ ತಕರಾರು ಇರುವುದಿಲ್ಲ.’

“ನೀವು ಚೆನ್ನಾಗಿರೋದಕ್ಕೆ ನನ್ನ ತಕರಾರು ಯಾಕಿರುತ್ತೆ?” ಎಂದು ದರ್ಜಿ ತಲೆ ಕೆರೆದುಕೊಂಡ.

“ಅದಕ್ಕೇ ಇಲ್ಲ ಅಂತ ಬರೆದಿರೋದು. ಇಲ್ಲಿ ಹಾಕಿ.”

‘ನಮ್ಮ ಪ್ರೀತಿ ಬೆಳೆದುಬಂದ ಬಗೆ’ ಎಂಬ ಹೇಳಿಕೆಯನ್ನು ಹೆಂಡತಿಯೇ ಬರೆದುಕೊಡಬೇಕಿತ್ತು. ಅವಳಿಗ್ಯಾಕೆ ಪಾಪ ಶ್ರಮ ಎಂದು ಅದನ್ನೂ ಗುಮಾಸ್ತರೇ ಆರು ಕ್ರಮಸಂಖ್ಯೆಗಳಲ್ಲಿ ಬರೆದರು. ನಾಲ್ಕನೇ ಸಂಖ್ಯೆಯಲ್ಲಿ ಮತ್ತೆ ಅದೇ ಸಾಮರಸ್ಯ. ಹೆಂಡತಿ ಪಾಳಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಳು. ಪೆನ್ಸಿಲ್ಲಿನಲ್ಲಿ ಕತ್ತರಿ ಗುರುತು ಹಾಕಿದ ಕಡೆ ಓದದೆ ಸಹಿ ಹಾಕಿದಳು. ಫೈಲಿಗೆ ದಾರ ಕಟ್ಟಿ, ಪುಟಸಂಖ್ಯೆ ಹಾಕಿ, ಗುಮಾಸ್ತರು ದೂರ ನಿಂತು ನೋಡಿದರು. ಇಂಥ ಫೈಲನ್ನು ತಾವೇ ಆಗಿದ್ದರೂ ವಾಪಸು ಕಳಿಸಲು ಆಗುತ್ತಿರಲಿಲ್ಲ ಎನ್ನಿಸಿತು.

ಎರಡು ತಿಂಗಳಿಗೆ ಉತ್ತರ ಬಂತು. ಅರ್ಜಿದಾರರ ಮದುವೆ ವೀಸಾಕ್ಕಾಗಿ ಹೂಡಿದ ನಾಟಕವೆಂದು ಅನುಮಾನಿಸಲು ಕಾರಣಗಳಿವೆ ಎಂದು ಪತ್ರ ಬಹಳ ಮರ್ಯಾದೆಯಿಂದ ಹೇಳಿತ್ತು. ನಾಲ್ಕು ಬೇರೆ ಬೇರೆ ವ್ಯಕ್ತಿಗಳ ಪತ್ರದಲ್ಲಿ ಒಂದೇ ವಾಕ್ಯ ಅಕ್ಷರ ಬದಲಾಗದೆ ಇದೆ. ಮೂರು ಋತುಗಳ ಐದು ಫೋಟೋಗಳಲ್ಲೂ ಹೆಂಡತಿಯ ಎಡ ಹೆಬ್ಬೆರಳಿಗೆ ಒಂದೇ ಪಟ್ಟಿ ಇದೆ. ದೂರ ಇದ್ದ ನಾಲ್ಕು ವರ್ಷಗಳಲ್ಲಿ ಗಂಡಹೆಂಡಿರ ಫೋನ್ ಮಾತುಕತೆ ವಾರಕ್ಕೊಮ್ಮೆ, ಸರಾಸರಿ ಮೂರು ನಿಮಿಷ. ಇಪ್ಪತ್ತೆಂಟು ದಿನಗಳಲ್ಲಿ ತೃಪ್ತಿಕರ ಪುರಾವೆ ಒದಗಿಸತಕ್ಕದ್ದು.

ಅಂದರೆ, ಕಾಗದ ಕಡಿಮೆ ಇದೆ.

ಹೆಂಡತಿ ಪತ್ರ ಓದಿ ಮೊದಲು ನಕ್ಕಳು. ಹೆಬ್ಬೆರಳಿನ ಮಾತು ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅದೇ ಕಣ್ಣೀರು ನಗುವಿನದಾಗಿ ಉಳಿಯಲಿಲ್ಲ.

“ಹತ್ತೊಂಬತ್ತು ವರ್ಷ ನಿಮ್ಮ ಜೊತೆ ಬಾಳಿದೀನಿ ರೀ. ಒಳ್ಳೇದೋ ಕೆಟ್ಟದ್ದೋ, ಅಷ್ಟೂ ನಿಜ. ಅದನ್ನ ನೀವು ಒಂದೇ ಭಾನುವಾರ ಸುಳ್ಳು ಮಾಡಿ, ದಾರ ಕಟ್ಟಿ ಕೊಟ್ಟುಬಿಟ್ರಲ್ಲ!”

“ಪದ್ಧತಿ ಪ್ರಕಾರ...”

“ನಿಮ್ಮ ಪದ್ಧತಿ ಹಾಳಾಗ್ಲಿ. ಇಲ್ಲಿಂದ ಮುಂದೆ ನೀವು ಒಂದು ಅಕ್ಷರ ಮುಟ್ಟಬೇಡಿ. ನಾನು ಬರೀತೀನಿ.”

ತಪ್ಪು ತಮ್ಮದಾದಾಗ ಮುನಿಸಿಕೊಳ್ಳುವುದು ಗುಮಾಸ್ತರ ಹಳೆಯ ಕ್ರಮ. ಮೂರು ದಿನ ಬಸ್ ಸ್ಟಾಪಿಗೆ ಹೋಗಲಿಲ್ಲ. ಬಸ್ಸು ತನ್ನಷ್ಟಕ್ಕೆ ಲೇಟಾಗಿ ಬಂತೋ ಬೇಗ ಬಂತೋ, ಅವರು ದಾಖಲಿಸಲಿಲ್ಲ. ನಾಲ್ಕನೇ ದಿನ ಮನೆಯಲ್ಲಿ ಕೂರಲಾಗದೆ ಚಪ್ಪಲಿ ಚೀಲ ಹಿಡಿದು ಹೊರಟರು. ಹೆಂಡತಿ ಬೂಟು ಬಿಚ್ಚಿದಳು, ಚಪ್ಪಲಿ ಮೆಟ್ಟಿದಳು. ‘ಎಂಟು ನಿಮಿಷ ಲೇಟು’ ಎಂದದ್ದಕ್ಕೆ ‘ಹೂಂ’ ಕೂಡ ಬರಲಿಲ್ಲ.

ಆ ಭಾನುವಾರ ಅವಳು ಅಡುಗೆಮನೆಯ ಮೇಜಿನ ಮೇಲೆ ಬರೆಯಲು ಕೂತಳು. ಎಡಗೈ ಅಡ್ಡ ಇಟ್ಟುಕೊಂಡು, ಪರೀಕ್ಷೆಯಲ್ಲಿ ಪಕ್ಕದವರಿಗೆ ತೋರಿಸದ ಹುಡುಗಿಯ ಹಾಗೆ. ಗುಮಾಸ್ತರು ನೀರು ಕುಡಿಯುವ ನೆಪದಲ್ಲಿ ನಾಲ್ಕು ಸಲ ಹಾದುಹೋದರು. ಐದನೇ ಸಲ ಬಾಯಿಬಿಟ್ಟು ಕೇಳಿದರು.

“ಒಂದ್ಸಲ ಕಣ್ಣಾಡಿಸ್ಲಾ? ತಾರೀಕು ಗೀರೀಕು ತಪ್ಪಿದ್ರೆ...”

“ಬೇಡ.”

ಅವಳು ಲಕೋಟೆಗೆ ಹಾಕಿ ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದಳು. ಆಮೇಲೆ ಏನೋ ನೆನಪಾದವಳಂತೆ ಅದನ್ನು ಮತ್ತೆ ಕಿತ್ತು, “ನಿಮ್ಮ ಬಸ್ ಪುಸ್ತಕ ಕೊಡಿ, ಕೆಲಸದ ಕಡೆ ಜೆರಾಕ್ಸ್ ಮಾಡಿಸ್ತೀನಿ” ಎಂದಳು.

ಗುಮಾಸ್ತರ ಮುಖ ಅರಳಿತು. “ನಿಮ್ಮಲ್ಲೂ ಬಸ್ಸಿನ ಮೇಲೆ ದೂರು ಕೊಡ್ತಿದಾರಾ?”

“ಹೂಂ. ದೂರೇ.”

ಮನೆ ಹೊತ್ತಿ ಉರಿಯುತ್ತಿದ್ದರೂ ಬಸ್ ಕಂಪನಿಗೆ ಬುದ್ಧಿ ಬರುತ್ತದೆಂಬ ಸಂತೋಷ ಒಂದು ದಿನದ ಮಟ್ಟಿಗೆ ಉಳಿಯಿತು. ಪುಸ್ತಕ ಮಾರನೇ ದಿನ ವಾಪಸು ಬಂತು. ಲಕೋಟೆ ಹೋಯಿತು.

ಅಲ್ಲಿಂದ ಶುರುವಾಯಿತು ಗುಮಾಸ್ತರ ಸಂಕಟ. ಅನುಮಾನದ ಪತ್ರವನ್ನು ಮತ್ತೆ ಮತ್ತೆ ಓದುವಾಗ ಕೊನೆಯ ಪುಟದ ಸಣ್ಣಕ್ಷರ ಕಣ್ಣಿಗೆ ಬಿತ್ತು: ‘ತೀರ್ಮಾನಕ್ಕೆ ಮುಂಚೆ ಪ್ರಾಯೋಜಕರು ಯಾವ ಕಾರಣವನ್ನೂ ಹೇಳದೆ ತಮ್ಮ ಬೆಂಬಲವನ್ನು ಹಿಂತೆಗೆದುಕೊಳ್ಳಬಹುದು.’ ಪ್ರಾಯೋಜಕರು ಎಂದರೆ ಹೆಂಡತಿ. ಒಂದು ಸಹಿಯ ಬೆಲೆ ಏನೆಂದು ಗುಮಾಸ್ತರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತೆರಡು ವರ್ಷ ಅದನ್ನು ಕೊಡದೆಯೇ ಬಾಳಿದವರು ಅವರು. ಅವಳು ಆ ಲಕೋಟೆಯಲ್ಲಿ ಏನು ಬರೆದಿರಬಹುದು? ಈ ಮನುಷ್ಯ ಬೇಡ ಎಂದು ಒಂದು ಸಾಲು ಬರೆದಿದ್ದರೆ ಮುಗಿಯಿತು. ಬರೆಯದಿರಲು ಕಾರಣವಾದರೂ ಏನಿದೆ ಎಂದು ಯೋಚಿಸಿದರು. ಪಟ್ಟಿ ಮಾಡೋಣವೆಂದು ಕಾಗದ ತೆಗೆದುಕೊಂಡರು. ಕಾಗದ ಬೆಳ್ಳಗೆ ಉಳಿಯಿತು.

ಹಾಗಾಗಿ ಒಳ್ಳೆಯ ಗಂಡನಾಗಲು ಟೊಂಕ ಕಟ್ಟಿ ನಿಂತರು. ಅಭ್ಯಾಸವಿಲ್ಲದ ಕೆಲಸ. ಅವಳು ಊಟಕ್ಕೆ ಕೂತು ತುತ್ತು ಬಾಯಿಗಿಡುವಾಗ “ಊಟ ಆಯ್ತಾ?” ಎಂದು ವಿಚಾರಿಸಿದರು. ಹೊಸ ಕೋಟು ಚೆನ್ನಾಗಿದೆ ಎಂದರು. ಅದು ಮೂರು ವರ್ಷದ ಹಳೆಯ ಕೋಟು. ಹಾಲಿನ ಪ್ಯಾಕೆಟ್ಟಿನ ಮೇಲೆ ಅದನ್ನು ತೆರೆದ ತಾರೀಕು ಬರೆಯುವ ಚಟವನ್ನು ಅವಳಿಗಾಗಿ ಬಿಟ್ಟರು, ಎರಡೇ ದಿನದಲ್ಲಿ ಹಾಲು ಒಡೆಯಿತು.

“ನಿಮಗೆ ಮೈ ಹುಷಾರಿದೆ ತಾನೆ?” ಎಂದಳು ಹೆಂಡತಿ.

“ಆ ಕಾಗದದಲ್ಲಿ ಏನ್ ಬರೆದೆ?”

“ಇದ್ದದ್ದು.”

ಇದ್ದದ್ದನ್ನು ಇದ್ದ ಹಾಗೆ ಬರೆದರೆ ಉಳಿಗಾಲವುಂಟೇ?

ಆ ದಿನಗಳಲ್ಲಿ ಅವರಿಗೆ ಒಬ್ಬ ಹೆಂಗಸಿನ ನೆನಪಾಗತೊಡಗಿತು. ಹಿಂದೆ ಮೂರನೇ ಕಿಟಕಿಗೆ ಮದುವೆ ಪ್ರಮಾಣಪತ್ರ ಕೇಳಿ ಬಂದವಳು. ಗಂಡ ಪರದೇಶದಲ್ಲಿದ್ದ, ಅದಿದ್ದರೆ ಅವಳೂ ಹೋಗಬಹುದಿತ್ತು. ಐದು ಸಲ ಬಂದಳು, ಐದು ಸಲವೂ ಒಂದು ಕಾಗದ ಕಡಿಮೆ ಇತ್ತು. ಆರನೇ ಸಲ ಬರಲಿಲ್ಲ. ಬಾರದವರ ಕೆಲಸ ಎಲ್ಲೋ ಆಗಿದೆ ಎಂದೇ ಗುಮಾಸ್ತರು ತಿಳಿಯುತ್ತಿದ್ದದ್ದು. ಈಗ, ಗೋದಾಮಿನಲ್ಲಿ ಯಾರದೋ ಪಾರ್ಸೆಲ್ಲಿಗೆ ವಿಳಾಸ ಅಂಟಿಸುತ್ತ, ಅವಳು ಹೋದಳೋ ಇಲ್ಲವೋ ಎಂದು ಮೊದಲ ಸಲ ಯೋಚನೆ ಬಂತು. ಕೇಳೋಣವೆಂದರೆ ಅವಳ ಮುಖ ನೆನಪಿರಲಿಲ್ಲ. ಅರ್ಜಿಯ ಸಂಖ್ಯೆ ನೆನಪಿತ್ತು. ತಮ್ಮ ಬಗ್ಗೆಯೇ ಅವರಿಗೆ ನಾಚಿಕೆಯಾಯಿತು.

ಸಂದರ್ಶನಕ್ಕೆ ಗುಮಾಸ್ತರೊಬ್ಬರಿಗೇ ಕರೆ ಬಂತು. ಗಾಜಿನ ಆಚೆ ಕೂತಿದ್ದ ಅಧಿಕಾರಿಗೆ ಹೆಚ್ಚೆಂದರೆ ಮೂವತ್ತು ವರ್ಷ. ನೆಗಡಿಯಾಗಿ ಮೂಗು ಕೆಂಪಗಿತ್ತು. ಅವಳ ಮೇಜಿನ ಮೇಲೆ ಕಾಗದಗಳು ಚೆಲ್ಲಾಪಿಲ್ಲಿಯಾಗಿದ್ದವು. ಅವನ್ನು ಜೋಡಿಸಿಡಲು ಗುಮಾಸ್ತರ ಕೈ ಕಡಿಯಿತು, ಗಾಜು ಅಡ್ಡ ಇತ್ತು.

“ನಾಲ್ಕು ವರ್ಷ ಫೋನಲ್ಲಿ ಮೂರು ಮೂರು ನಿಮಿಷ. ಏನು ಮಾತಾಡ್ತಿದ್ರಿ?”

“ವಿಷಯ.”

“ಯಾವ ವಿಷಯ?”

“ಮಾತಾಡಬೇಕಾದ ವಿಷಯ. ಆರೋಗ್ಯ, ಹವೆ, ನಲ್ಲಿ.”

“ನಲ್ಲಿ?”

“ಅಡುಗೆಮನೆ ನಲ್ಲಿ ಸೋರ್ತಿತ್ತು ಮೇಡಂ.”

“ನಾಲ್ಕು ವರ್ಷಾನೂ?”

“ರಿಪೇರಿಯವನು ನಾಳೆ ಬರ್ತೀನಿ ಅಂತಿದ್ದ.”

ಅಧಿಕಾರಿ ಮೂಗು ಒರೆಸಿಕೊಂಡಳು. “ನಿಮ್ಮ ಹೆಂಡತಿಯಲ್ಲಿ ನಿಮಗೆ ತುಂಬ ಇಷ್ಟವಾದದ್ದು ಏನು?”

ಗುಮಾಸ್ತರಿಗೆ ಇಂಥ ಪ್ರಶ್ನೆ ನೌಕರಿಯಲ್ಲೂ ಬಂದಿರಲಿಲ್ಲ, ಸಂಸಾರದಲ್ಲೂ ಬಂದಿರಲಿಲ್ಲ. “ಅವಳ ಸಹಿ” ಎಂದರು. “ಹತ್ತೊಂಬತ್ತು ವರ್ಷದಲ್ಲಿ ಒಂದು ಗೆರೆ ಆಚೀಚೆ ಆಗಿಲ್ಲ.”

ಹೇಳಿದ ಮೇಲೆ, ಕೆಟ್ಟೆ ಅನ್ನಿಸಿತು. ಅಧಿಕಾರಿ ಏನೋ ಗೀಚಿ, ಫೈಲಿನ ಒಂದು ಹಾಳೆ ತಿರುಗಿಸಿ ನೋಡಿ, ತಟ್ಟನೆ ಕೇಳಿದಳು.

“ಅವರ ಕಾಲಿನ ಅಳತೆ ಎಷ್ಟು? ಬೂಟಿನ ನಂಬರು?”

“ಬೆಳಗ್ಗೆ ಐದು, ಸಂಜೆ ಆರು.”

ಪೆನ್ನು ನಿಂತಿತು. “ಅರ್ಥ ಆಗ್ಲಿಲ್ಲ.”

ಇಷ್ಟು ಸರಳ ವಿಷಯವನ್ನು ಬಿಡಿಸಿ ಹೇಳಬೇಕಲ್ಲ ಎಂದು ಗುಮಾಸ್ತರಿಗೆ ರೇಗಿತು. “ಒಂಬತ್ತು ಗಂಟೆ ನಿಂತೇ ಕೆಲಸ ಮಾಡ್ತಾಳೆ ಮೇಡಂ. ಬೆಳಗ್ಗೆ ಹೋಗೋವಾಗ ಐದು ನಂಬರು ಸರಿಹೋಗುತ್ತೆ. ಸಂಜೆ ಇಳಿಯೋವಾಗ ಆರು ಬೇಕು. ಎಡಗಾಲು ಸ್ವಲ್ಪ ಜಾಸ್ತಿ ಊದುತ್ತೆ. ಚಪ್ಪಲಿ ಆರೇ ತಂದಿರೋದು.”

ಅಧಿಕಾರಿ ಅದನ್ನು ಬರೆದುಕೊಂಡು “ಆಯ್ತು, ನೀವು ಹೋಗಬಹುದು” ಎಂದಳು. ನಾಳೆ ಬನ್ನಿ ಎನ್ನಲಿಲ್ಲ. ಗುಮಾಸ್ತರ ಅನುಭವದಲ್ಲಿ, ನಾಳೆ ಬನ್ನಿ ಎನ್ನಿಸಿಕೊಳ್ಳದವರ ಫೈಲು ಪೂರ್ತಿ ಮುಚ್ಚಿದಂತೆಯೇ. ಪೆಚ್ಚು ಮೋರೆ ಹಾಕಿಕೊಂಡು ಮನೆಗೆ ಬಂದು ಸೂಟ್‌ಕೇಸಿನ ಬೀಗ ಸರಿಯಿದೆಯೇ ಎಂದು ನೋಡಿದರು.

ಹನ್ನೊಂದನೇ ದಿನ ಮಧ್ಯಾಹ್ನ ದಪ್ಪ ಲಕೋಟೆ ಬಂತು. ಮನೆಯಲ್ಲಿ ಅವರೊಬ್ಬರೇ. ನಿಂತೇ ಒಡೆದರು. ಮೇಲಿನ ಹಾಳೆಯಲ್ಲಿ ಒಂದೇ ಸಾಲು: ಕಾಯಂ ವಾಸ ಮಂಜೂರು. ಮುದ್ರೆ ನೆಟ್ಟಗೆ ಬಿದ್ದಿತ್ತು. ಗುಮಾಸ್ತರು ಕುರ್ಚಿ ಎಳೆದುಕೊಂಡು ಕೂತು, ಅದನ್ನು ಮೂರು ಸಲ ಓದಿದರು. ಕೆಳಗೆ, ಹೆಂಡತಿ ಸಲ್ಲಿಸಿದ್ದ ಕಾಗದಗಳನ್ನು ಸರಕಾರದವರು ವಾಪಸು ಕಳಿಸಿದ್ದರು. ಮೊದಲನೆಯದೇ ಅವಳ ಪತ್ರ.

‘ಮಾನ್ಯರೆ, ಹಿಂದಿನ ಹೇಳಿಕೆ ನನ್ನ ಗಂಡ ಬರೆದದ್ದು, ನಾನು ಓದದೆ ಸಹಿ ಹಾಕಿದ್ದು. ಫೋಟೋಗಳೆಲ್ಲ ಒಂದೇ ಭಾನುವಾರದವು. ಹೆಬ್ಬೆರಳು ಈಗ ವಾಸಿಯಾಗಿದೆ. ನಮ್ಮ ಪ್ರೀತಿ ಹೇಗೆ ಬೆಳೆಯಿತು ಎಂದು ಕೇಳಿದ್ದೀರಿ. ನನಗೂ ಗೊತ್ತಿಲ್ಲ. ಈ ಮನುಷ್ಯ ಹತ್ತೊಂಬತ್ತು ವರ್ಷದಲ್ಲಿ ಒಂದು ಹೂವು ತಂದವರಲ್ಲ. ನಾನು ಏನಾದರೂ ಹೇಳುತ್ತಿದ್ದರೆ ಮಧ್ಯೆ ಬಾಯಿ ಹಾಕಿ ತಾರೀಕು ತಿದ್ದುತ್ತಾರೆ. ನಾಲ್ಕು ವರ್ಷ ಕರೆದೆ, ಫೈಲು ಬಾಕಿ ಇದೆ ಎಂದು ಬರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಸುಳ್ಳು ಮದುವೆ ಮಾಡಿಕೊಳ್ಳುವುದೇ ಆಗಿದ್ದರೆ ಇವರಿಗಿಂತ ಎಷ್ಟೋ ವಾಸಿಯಾದವರು ಸಿಗುತ್ತಿದ್ದರು. ಸುಳ್ಳಿಗಾಗಿ ಯಾರಾದರೂ ಇಷ್ಟು ಕಷ್ಟ ಪಡುತ್ತಾರೆಯೇ? ಪುರಾವೆ ಬೇಕು ಎಂದಿರಿ. ಮನೆಯೆಲ್ಲ ಹುಡುಕಿದೆ, ಇದೊಂದೇ ಸಿಕ್ಕಿತು. ಬಸ್ ಕಂಪನಿಯ ಮೇಲೆ ದೂರು ಕೊಡಲು ಇವರು ಇಟ್ಟಿರುವ ಪುಸ್ತಕ. ದಿನಾ ನನ್ನ ಚಪ್ಪಲಿ ಹಿಡಿದುಕೊಂಡು ಸ್ಟಾಪಿನಲ್ಲಿ ನಿಂತು ಬರೆದದ್ದು. ಬಸ್ಸಿನ ಹೊತ್ತು ಬಿಟ್ಟು ಉಳಿದದ್ದನ್ನು ನೋಡಿ.’

ಗುಮಾಸ್ತರ ಕೈ ತನ್ನಷ್ಟಕ್ಕೆ ಕೆಂಪು ಪೆನ್ನಿನ ಕ್ಯಾಪು ತೆಗೆಯಿತು. ‘ನಾಲ್ಕು ವರ್ಷ’ ಎಂಬುದು ತಪ್ಪು. ಮೂರು ವರ್ಷ ಹತ್ತು ತಿಂಗಳು. ಪೆನ್ನು ಹಿಡಿದುಕೊಂಡೇ ಮುಂದಿನ ಹಾಳೆ ತಿರುಗಿಸಿದರು. ತಮ್ಮದೇ ಪುಸ್ತಕದ ಜೆರಾಕ್ಸು. ತಾರೀಕು, ಹೊತ್ತು. ತಾರೀಕು, ಹೊತ್ತು. ಮೂಲೆಯಲ್ಲಿ ‘ಪುರಾವೆಯಾಗಿ ಸ್ವೀಕರಿಸಲಾಗಿದೆ’ ಎಂಬ ಮುದ್ರೆ. ಬಸ್ಸಿನ ದೂರಿಗೆ ಈ ಮುದ್ರೆ ಯಾಕೆ ಎಂದು ಅವರಿಗೆ ಕೂಡಲೇ ಹೊಳೆಯಲಿಲ್ಲ. ಬುದ್ಧಿ ಸ್ವಲ್ಪ ತಡವಾಗಿ ಬರುವ ಬಸ್ಸು.

ಐದನೇ ಹಾಳೆಯಲ್ಲಿ ಅವರ ಕಣ್ಣು ನಿಂತಿತು. ಹೋದ ವರ್ಷ ಬೆನ್ನು ಹಿಡಿದುಕೊಂಡು ಎಂಟು ದಿನ ಅವರು ಮಲಗಿದ್ದರು. ಆ ಎಂಟು ತಾರೀಕಿನ ಮುಂದೆ ಖಾಲಿ ಬಿಟ್ಟದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಈಗ ಖಾಲಿ ಇರಲಿಲ್ಲ. ಹೆಂಡತಿಯ ಅಕ್ಷರ.

‘5.44. ಬೆನ್ನು ನೋವಂತೆ. ಚಪ್ಪಲಿ ಇಲ್ಲ.’

‘5.41. ಇವತ್ತೂ ಇಲ್ಲ.’

‘5.52. ಬೆಂಚಿನ ಕಡೆ ನೋಡಿದೆ.’

ಬಿಟ್ಟ ಸಾಲಿನಲ್ಲಿ ಆಮೇಲೆ ಬರೆದು ತುಂಬುವುದು ಗುಮಾಸ್ತರ ಪಾಲಿಗೆ ಕೊಲೆಗಿಂತ ದೊಡ್ಡ ಅಪರಾಧ. ಇದಕ್ಕಾಗಿಯೇ ಒಬ್ಬ ಕಿರಿಯ ನೌಕರನಿಗೆ ಮೇಲಿನವರಿಂದ ನೋಟೀಸು ಕೊಡಿಸಿದ್ದವರು. ಎದ್ದು ಹೋಗಿ ಕಪಾಟಿನಿಂದ ಅಸಲು ಪುಸ್ತಕ ತಂದರು. ಎರಡು ವರ್ಷದಲ್ಲಿ ಹಿಂದಿನ ಪುಟವಿರಲಿ, ಮೇಲಿನ ಸಾಲನ್ನೂ ಒಮ್ಮೆ ನೋಡಿದವರಲ್ಲ; ಬರೆಯುವಾಗಲೂ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. ಬೆಳಕಿಗೆ ಹಿಡಿದು ಶಾಯಿ ಪರೀಕ್ಷಿಸಿದರು. ಒಂದು ದಿನ ನೀಲಿ, ಒಂದು ದಿನ ಕಪ್ಪು, ಎರಡು ದಿನ ಆರೈಕೆ ಮನೆಯ ಹಸಿರು ಪೆನ್ನು. ಒಂದೇ ಸಲ ಕೂತು ತುಂಬಿದ್ದಲ್ಲ. ಆಯಾ ದಿನ ಊದಿದ ಕಾಲಿನಲ್ಲಿ ಮನೆಗೆ ಬಂದು, ಗಂಡನಿಗೆ ಗಂಜಿ ಕೊಟ್ಟು, ಅವನ ಹಾಳು ಪುಸ್ತಕದಲ್ಲಿ ಬಸ್ಸಿನ ಹೊತ್ತು ತಪ್ಪಬಾರದೆಂದು ಬರೆದಿಟ್ಟದ್ದು.

ಗುಮಾಸ್ತರು ಹಾಳೆ ತಿರುವಿ ತಿರುವಿ ಕೊನೆಗೆ ಬಂದರು. ತಾವು ಮುನಿಸಿಕೊಂಡು ಹೋಗದಿದ್ದ ಮೂರು ದಿನ.

‘5.39. ಸಿಟ್ಟಂತೆ.’

‘5.47. ನನಗೂ.’

‘5.40. ಆದರೂ ನೋಡಿದೆ.’

ಅಕ್ಷರ ಮಂಜಾಯಿತು. ಕನ್ನಡಕ ತೆಗೆದು ಒರೆಸಿದರು, ಕನ್ನಡಕದಲ್ಲಿ ಏನೂ ಇರಲಿಲ್ಲ. ಐವತ್ತೆರಡು ವರ್ಷದ ಮನುಷ್ಯ, ಸರಕಾರಿ ನೌಕರಿ ಮಾಡಿದವರು, ಅಡುಗೆಮನೆಯ ಮೇಜಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಕೆಂಪು ಪೆನ್ನಿಗೆ ಕ್ಯಾಪು ಹಾಕಿದರು. ನಾಲ್ಕು ವರ್ಷ ನಾಲ್ಕು ವರ್ಷವಾಗಿಯೇ ಉಳಿಯಿತು.

ತಲೆ ಎತ್ತಿದಾಗ ಗೋಡೆಯ ಗಡಿಯಾರದಲ್ಲಿ ಐದು ಮೂವತ್ತಾರು. ಗುಮಾಸ್ತರು ಮಂಜೂರಾತಿಯ ಕಾಗದ ಹಿಡಿದುಕೊಂಡು ಮೂರು ಮಹಡಿ ಇಳಿದು ಓಡಿದರು. ದರ್ಜಿ ಕಿಟಕಿಯಿಂದ “ಏನಾಯ್ತು ಸಾರ್?” ಎಂದು ಕೂಗಿದ್ದೂ ಕೇಳಿಸಲಿಲ್ಲ. ಜನ್ಮದಲ್ಲಿ ಓಡಿದವರಲ್ಲ, ಓಡುವ ರೀತಿಯೂ ಕಡತ ಹೊತ್ತು ನಡೆಯುವವರ ಹಾಗೇ ಇತ್ತು. ಸ್ಟಾಪಿಗೆ ತಲುಪುವುದಕ್ಕೂ ಬಸ್ಸಿನ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಹೆಂಡತಿ ಕಂಬಿ ಹಿಡಿದು ಮೆಲ್ಲಗೆ ಇಳಿದಳು. ಗಂಡ ಏದುಸಿರು ಬಿಡುತ್ತಿದ್ದಾರೆ, ಕಣ್ಣು ಕೆಂಪಗಿದೆ, ಕೈಯಲ್ಲಿ ಕಾಗದ. ಅವಳು ಕಾಗದ ಇಸಿದುಕೊಂಡು ಓದಿದಳು. ಬೆಂಚಿನ ಮೇಲೆ ಕೂತು ಇನ್ನೊಂದು ಸಲ ಓದಿದಳು. ಆಮೇಲೆ ಅದನ್ನು ಮಡಿಸಿ ತನ್ನ ಚೀಲದಲ್ಲಿ ಭದ್ರವಾಗಿಟ್ಟು, ಬಗ್ಗಿ ಬೂಟಿನ ದಾರ ಬಿಚ್ಚಿ, ಅಲ್ಲೇ ತಡೆದು, ಗಂಡನ ಎರಡೂ ಖಾಲಿ ಕೈಗಳನ್ನು ನೋಡಿದಳು.

“ಎಷ್ಟು ಲೇಟು ಇವತ್ತು?” ಎಂದು ಕೇಳಿದಳು.

“ನೋಡ್ಲಿಲ್ಲ” ಎಂದರು ಗುಮಾಸ್ತರು. “ಪುಸ್ತಕ ನೋಡಿದೆ. ನೀನು ಬರೆದದ್ದು.”

ಹೆಂಡತಿ ಬಿಚ್ಚಿದ ದಾರವನ್ನು ಮತ್ತೆ ಕಟ್ಟಿದಳು. ಎದ್ದು ನಿಂತು ಅವರ ತೋಳು ಹಿಡಿದುಕೊಂಡಳು. ಕಾಲು ನೋಯುತ್ತಿದ್ದದ್ದರಿಂದ ಸ್ವಲ್ಪ ಭಾರ ಬಿಟ್ಟೇ ಹಿಡಿದಳು.

“ಎಲ್ಲಾ ಸರಿ ಇದೆ. ಚಪ್ಪಲಿ ಒಂದು ಕಡಿಮೆ ಇದೆ” ಎಂದಳು. “ನಾಳೆ ಬನ್ನಿ.”

“ಬರ್ತೀನಿ” ಎಂದರು ಗುಮಾಸ್ತರು.